ಮುಚ್ಚಳದ ಒಳಗಿನ ಚಿತ್ರ

ಭಾವ ಮಾಡಿಕೊಟ್ಟ ಸರ್ಫಿಂಗ್ ಬೋರ್ಡಿನ ಹೊಟ್ಟೆಯಲ್ಲಿ, ಬಾಲದ ತುದಿಯಿಂದ ಒಂದೂವರೆ ಗೇಣಿನೊಳಗೆ, ಐದು ಸೀಳುಗಳಿದ್ದವು. ನಡುವೆ ಉದ್ದನೆಯದೊಂದು, ಅದರ ಆಚೀಚೆ ಎರಡೆರಡು ಗಿಡ್ಡನೆಯವು. ಆ ಸೀಳುಗಳಲ್ಲಿ ಕೂಡಿಸಬೇಕಾದ ಫಿನ್ನುಗಳು ಬೇರೆಯೇ ಒಂದು ಮರದ ಪೆಟ್ಟಿಗೆಯಲ್ಲಿ ಬಂದಿದ್ದವು: ಅಂಗೈಗಿಂತ ದೊಡ್ಡದೊಂದು, ಅದರ ಅರ್ಧದಷ್ಟು ಎತ್ತರದ ಇನ್ನೊಂದು, ಮತ್ತು ಪಕ್ಕದ ಸೀಳುಗಳಿಗೆಂದು ಎರಡು ಜೋಡಿ. ಒಟ್ಟು ಆರು. ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಭಾವ ಪೆನ್ಸಿಲಿನಿಂದ ಬೋರ್ಡಿನ ಆಕೃತಿಯನ್ನು ಬರೆದು, ಯಾವ ಫಿನ್ನು ಯಾವ ಮಗ್ಗುಲಿಗೆ ಎಂಬುದನ್ನು ಚುಕ್ಕೆಗಳಿಂದ ಗುರುತಿಸಿದ್ದರು. ಬುಡದಲ್ಲಿ ಒಂದು ಚುಕ್ಕೆಯಿದ್ದ ಫಿನ್ನುಗಳು ಚಿತ್ರದ ಒಂದು ಪಕ್ಕಕ್ಕೆ, ಎರಡು ಚುಕ್ಕೆಯವು ಇನ್ನೊಂದು ಪಕ್ಕಕ್ಕೆ. ಅವರ ಗೆರೆ ಎಂದಿನಂತೆ ನಿರ್ದುಷ್ಟವಾಗಿತ್ತು. ಅಳಿಸಿ ತಿದ್ದಿದ ಕಲೆ ಒಂದೂ ಇರಲಿಲ್ಲ.

ಮೀನಿಗೆ ರೆಕ್ಕೆ ಹೇಗೋ ಅಲೆಯ ಮೇಲೆ ಜಾರುವ ಬೋರ್ಡಿಗೆ ಫಿನ್ನು ಹಾಗೆ. ಅದಿಲ್ಲದ ಬೋರ್ಡು ಎಣ್ಣೆ ಸವರಿದ ತಟ್ಟೆಯಂತೆ ದಿಕ್ಕುಗೆಟ್ಟು ಸರಿಯುತ್ತದೆ. ಇಷ್ಟರ ಮಟ್ಟಿಗೆ ಯಾವ ಪಕ್ಷದವರಿಗೂ ಭಿನ್ನಾಭಿಪ್ರಾಯವಿಲ್ಲ. ಎಷ್ಟು ಫಿನ್ನು ಎಂಬಲ್ಲಿ ವಾದ ಹುಟ್ಟುತ್ತದೆ. ನಡುವೆ ದೊಡ್ಡದೊಂದನ್ನೇ ನಿಲ್ಲಿಸಿದರೆ ಬೋರ್ಡು ನೆಟ್ಟಗೆ, ಸ್ಥಿರವಾಗಿ ಸಾಗುತ್ತದೆ. ತಿರುಗುವುದಕ್ಕೆ ಮಾತ್ರ ಸಾವಕಾಶ. ಪಕ್ಕಕ್ಕೊಂದರಂತೆ ಎರಡಾದರೆ ಚುರುಕು, ಅದರ ಜೊತೆಗೇ ಚಾಂಚಲ್ಯ. ಆ ಎರಡರ ಹಿಂದೆ ನಡುವೆ ಸಣ್ಣದೊಂದು ಸೇರಿ ಮೂರಾದರೆ ಎರಡೂ ಗುಣಗಳ ಸಮನ್ವಯವೆನ್ನುತ್ತಾರೆ. ನಾಲ್ಕಾದರೆ ವೇಗ, ಎದ್ದುನಿಂತ ಅಲೆಯ ಗೋಡೆಯ ಮೇಲೆ ಬಿಗಿಯಾದ ಹಿಡಿತ. ಇವುಗಳಲ್ಲಿ ಒಂದನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲವೆಂದು ಹೊರಗಿನವರಿಗೆ ತೋರಬಹುದು. ಟೀಚರಿಗೂ ಮೊದಲ ದಿನ ಹಾಗೆಯೇ ತೋರಿತ್ತು.

ಕಡಲತೀರದ ಸರ್ಫಿಂಗ್ ಶಾಲೆಯಲ್ಲಿ ಹನ್ನೊಂದು ವರ್ಷ ಕಲಿಸಿದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಟೀಚರ್ ಎಂದೇ. ಬೋರ್ಡಿನ ಮೇಲೆ ಪಾದವನ್ನು ಎಲ್ಲಿಡಬೇಕು, ಕಣ್ಣನ್ನು ಎಲ್ಲಿ ನೆಡಬೇಕು, ಅಲೆ ಎತ್ತಿದಾಗ ಯಾವ ಕ್ಷಣದಲ್ಲಿ ಏಳಬೇಕು ಎಂಬುದನ್ನು ಅವಳು ಕರಿಹಲಗೆಯ ಮೇಲೆ ಬೋರ್ಡಿನ ಚಿತ್ರ ಬರೆದು ನೂರಾರು ಮಂದಿಗೆ ಹೇಳಿಕೊಟ್ಟಿದ್ದಳು. ಆದರೆ ಶಾಲೆಯ ಬೋರ್ಡುಗಳು ಮೆತ್ತನೆಯ ಸ್ಪಂಜಿನವು. ಅವುಗಳ ರಬ್ಬರ್ ಫಿನ್ನುಗಳು ಕಾರ್ಖಾನೆಯಿಂದಲೇ ಬಿಗಿದುಕೊಂಡು ಬರುತ್ತವೆ, ಯಾರೂ ಬಿಚ್ಚುವುದಿಲ್ಲ. ಬೋರ್ಡಿನ ಮೇಲ್ಮೈಯಷ್ಟೇ ಅವಳ ಲೋಕ. ಅದರ ಅಡಿಯಲ್ಲಿ ಏನಿದೆ ಎಂಬುದು, ನಡೆಯುವವನಿಗೆ ತನ್ನ ಚಪ್ಪಲಿಯ ಹೊಲಿಗೆಯಿದ್ದಂತೆ, ಅವಳ ಲಕ್ಷ್ಯಕ್ಕೆ ಬಂದಿರಲೇ ಇಲ್ಲ.

ಏಳು ತಿಂಗಳ ಹಿಂದೆ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಅಷ್ಟು ದೀರ್ಘಕಾಲ ನೀರಿನಿಂದ ದೂರವಿದ್ದವರು ಮತ್ತೆ ಮಕ್ಕಳನ್ನು ಕಡಲಿಗೆ ಇಳಿಸಬೇಕಾದರೆ ಪರೀಕ್ಷೆ ಕೊಡಬೇಕೆಂಬುದು ನಿಯಮ. ಎಡಕ್ಕೆ ಒಂದು ಅಲೆ, ಬಲಕ್ಕೆ ಒಂದು ಅಲೆ ಸವಾರಿ ಮಾಡಿ, ಪ್ರತಿ ಸಲವೂ ತೊಡೆಮಟ್ಟದ ನೀರಿನಲ್ಲಿ ನೆಟ್ಟ ಎರಡು ಬಾವುಟಗಳ ನಡುವೆ ಬೋರ್ಡನ್ನು ತಂದು ನಿಲ್ಲಿಸಬೇಕು. ಸುತ್ತ ಕಲಿಯುವವರು ಈಜುತ್ತಿರುವಾಗ ಅವರ ಮೇಲೆ ಹಾಯದೆ ಬರಬಲ್ಲರೇ ಎಂಬುದನ್ನು ನೋಡುವ ಉಪಾಯವದು. ಎರಡು ತಿಂಗಳ ಹಿಂದೆ ಶಾಲೆಯ ಭಾರವಾದ ಬೋರ್ಡಿನಲ್ಲೇ ಹೋಗಿ, ಬಲಕ್ಕೆ ತಿರುಗಿಸುವಾಗ ಮಂಡಿ ಕೈಕೊಟ್ಟು, ಬಾವುಟವೊಂದನ್ನು ಕೆಡವಿಕೊಂಡು ಅವಳು ಅನುತ್ತೀರ್ಣಳಾಗಿದ್ದಳು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಶಾಲೆಯ ಹಿಂಬದಿಯ ಕೋಣೆಯಲ್ಲಿ, ಬಾಡಿಗೆಗೆ ಕೊಟ್ಟ ಈಜುಡುಗೆಗಳನ್ನು ತೊಳೆದು ಹರವುವ ಕೆಲಸ. ಆ ಕೋಣೆಗೆ ಕಿಟಕಿಯಿದೆ. ಆದರೆ ಅದು ರಸ್ತೆಯ ಕಡೆಗಿದೆ, ಕಡಲಿನ ಕಡೆಗಲ್ಲ.

"ಎಷ್ಟು ಹಾಕ್ಲಿ ಭಾವ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

ಭಾವ ರಾಳದ ಡಬ್ಬಿಯ ಮುಚ್ಚಳವನ್ನು ಒರೆಸುತ್ತ, "ನಾನು ಹೇಳಿದ್ರೆ ಅದು ಬರೀ ಬಾಯಿಮಾತು ಕಣಮ್ಮ. ನಾನು ನೀರಿಗಿಳಿದು ಹದಿನಾರು ವರ್ಷ ಆಯ್ತು," ಎಂದರು. ಕಿವಿಯ ರೋಗದಿಂದ ವೈದ್ಯರು ಅವರಿಗೆ ಕಡಲನ್ನು ನಿಷೇಧಿಸಿದ್ದರು. ಅಂದಿನಿಂದ ಅವರು ಬೋರ್ಡುಗಳನ್ನು ಮಾಡುತ್ತಾರೆ, ಏರುವುದಿಲ್ಲ. "ಮಾಮೂಲಿಯಾಗಿ ಮೂರು. ಆದ್ರೆ ನಿನ್ನ ಮಂಡಿ ಮಾಮೂಲಿ ಅಲ್ವಲ್ಲ. ಅದಕ್ಕೇ ಐದು ಸೀಳು ಇಟ್ಟಿದೀನಿ. ಎಲ್ಲಾ ಹಾಕಿ ನೋಡು. ಬರೆದಿಟ್ಕೋ. ಆಮೇಲೆ ಅದೇ ಹೇಳತ್ತೆ."

"ಯಾವುದು ಹೇಳತ್ತೆ?"

"ಬೋರ್ಡು."

ಒಳಗಿನಿಂದ ಅಕ್ಕ ನಕ್ಕಳು. ಅಕ್ಕ ಭಾವನ ಕಾರ್ಯಾಗಾರದಲ್ಲಿ ಬೋರ್ಡುಗಳನ್ನು ಉಜ್ಜಿ ನುಣುಪು ಮಾಡುವವಳು. ಹುಬ್ಬಿನವರೆಗೂ ಸದಾ ಬಿಳಿಯ ಪುಡಿ. "ಹೂಂ ಕಣೇ, ಮಾತಾಡತ್ತೆ. ಇಪ್ಪತ್ತೆರಡು ವರ್ಷದಿಂದ ನನ್ನ ಹತ್ರ ಮಾತಾಡದೆ ಇವರು ಮಾತಾಡೋದು ಬೋರ್ಡ್ ಹತ್ರಾನೇ."

ಹೀಗೆ ಹತ್ತು ಬೆಳಗುಗಳ ಪರಿಶೀಲನೆ ಆರಂಭವಾಯಿತು. ಟೀಚರು ನೂರು ಪುಟದ ನೋಟುಪುಸ್ತಕವೊಂದನ್ನು ಕೊಂಡು, ಅಡ್ಡಗೆರೆ ಉದ್ದಗೆರೆಗಳನ್ನೆಳೆದು, ಫಿನ್ನುಗಳ ಸಂಖ್ಯೆ, ಅಲೆಯ ಎತ್ತರ, ಗಾಳಿಯ ದಿಕ್ಕು, ಉಬ್ಬರವೋ ಇಳಿತವೋ, ಮಂಡಿಯ ನೋವು ಹತ್ತರಲ್ಲಿ ಎಷ್ಟು ಎಂಬುದಕ್ಕೆಲ್ಲ ಒಂದೊಂದು ಅಂಕಣ ಮಾಡಿದಳು. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಗ್ಗೆ ಏನು ತಿಂದದ್ದು ಎಂಬುದಕ್ಕೂ ಅಂಕಣಗಳಿದ್ದವು. ಪ್ರಮಾಣಗಳನ್ನು ಕ್ರಮವಾಗಿ ಸಂಗ್ರಹಿಸಿದರೆ ಸಂಶಯ ತಾನಾಗಿ ಕರಗುವುದೆಂಬ ಶ್ರದ್ಧೆ ಅವಳದು. ಶ್ರದ್ಧೆಯಲ್ಲಿ ದೋಷವಿರಲಿಲ್ಲ.

ಫಿನ್ನುಗಳನ್ನು ಕೂಡಿಸುವುದರಲ್ಲಿಯೂ ಅವಳು ಅಷ್ಟೇ ಜಾಗರೂಕಳಾಗಿದ್ದಳು. ಮನೆಯ ನಡುಕೋಣೆಯಲ್ಲಿ ಚಾಪೆಯ ಮೇಲೆ ಬೋರ್ಡನ್ನು ಮಗುಚಿ ಮಲಗಿಸಿ, ಮುಚ್ಚಳದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, 'ಬೋರ್ಡು ಮಗುಚಿದೆ. ಆದ್ದರಿಂದ ಚಿತ್ರವನ್ನು ಅದಲುಬದಲು ಮಾಡಿ ನೋಡಬೇಕು' ಎಂದು ಪ್ರತಿಸಲವೂ ತನಗೆ ತಾನೇ ಜ್ಞಾಪಿಸಿಕೊಳ್ಳುತ್ತಿದ್ದಳು. ಗಡಿಬಿಡಿಯವರು ಇಲ್ಲಿಯೇ ಎಡವುತ್ತಾರೆ ಎಂದು ಒಳಗೊಳಗೇ ಸಮಾಧಾನಪಟ್ಟುಕೊಳ್ಳುತ್ತ ಸ್ಕ್ರೂಗಳನ್ನು ಬಿಗಿಯುತ್ತಿದ್ದಳು.

ಕೆಲವು ಬೆಳಗು ಅಕ್ಕನೂ ಜೊತೆಗೆ ಬರುತ್ತಿದ್ದಳು. ಸಕ್ಕರೆ ಕಾಯಿಲೆಗೆ ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಡೆಯುವ ಮನಸ್ಸಾದ ದಿನ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೊರಡುವಳು. ನೀರಿಗಿಳಿಯುವ ಮೊದಲು ಟೀಚರು ಮಂಡಿಗೆ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಬೇಕಾಗಿತ್ತು. ಅಷ್ಟರಲ್ಲಿ ಸುಮ್ಮನೆ ಕೂರಲಾರದ ಅಕ್ಕ, "ಕೊಡಿಲ್ಲಿ, ಇವತ್ತು ಎಷ್ಟು? ಮೂರಾ?" ಎಂದು ಮರಳಿನ ಮೇಲೆಯೇ ಫಿನ್ನುಗಳನ್ನು ಕೂಡಿಸಿಬಿಡುತ್ತಿದ್ದಳು.

ಮೊದಲ ಬೆಳಗು, ಮೂರು ಫಿನ್ನು. ಬೋರ್ಡು ಹಿಂದಿನಿಂದ ಯಾರೋ ಸೆರಗು ಹಿಡಿದೆಳೆದಂತೆ ತಡೆತಡೆದು ಹೋಯಿತು. ತಿರುಗಿಸಿದರೆ ಬಾಲ ಜಾರಿತು. 'ಮೂರು ಆಗದು' ಎಂದು ಅವಳು ಬರೆದಳು. ಎರಡನೆಯ ಬೆಳಗು, ಖಚಿತಪಡಿಸಿಕೊಳ್ಳಲೆಂದು, ಮತ್ತೆ ಮೂರು. ಆ ದಿನ ಬೋರ್ಡು ಮನಸ್ಸನ್ನು ಓದಿದಂತೆ ತಿರುಗಿತು. 'ಮೂರೇ ಸರಿ' ಎಂದು ಬರೆದು, ಹಿಂದಿನ ಸಾಲನ್ನು ಗಾಳಿಯ ತಲೆಗೆ ಕಟ್ಟಿದಳು. ನಾಲ್ಕು ಹಾಕಿದ ದಿನ ಬಾವುಟವಿರಬೇಕಾದ ಜಾಗದಿಂದ ಇಪ್ಪತ್ತು ಮಾರು ಆಚೆ ಹೋಗಿ ಬಿದ್ದಳು. ಎರಡು ಹಾಕಿದ ದಿನ ನಿಂತದ್ದೇ ಎರಡು ಸಲ. ಮತ್ತೆ ನಾಲ್ಕು ಹಾಕಿದಾಗ, ಅಲೆ ಅಷ್ಟೇ, ಗಾಳಿ ಅಷ್ಟೇ, ಮಂಡಿಯ ನೋವೂ ಅಷ್ಟೇ, ಬೋರ್ಡು ಬೆಣ್ಣೆಯಲ್ಲಿ ಕತ್ತಿಯಾಡಿದಂತೆ ಬಂದು ನಿಂತಿತು. ಮೂರನೆಯ ಸಲ ಮೂರು: ಕೆಟ್ಟದ್ದು. ನಾಲ್ಕನೆಯ ಸಲ ಮೂರು: ಕೆಟ್ಟದ್ದೇ, ಆದರೆ ಆ ದಿನ ತಡವಾಗಿ ಎದ್ದಿದ್ದಳು. ಮಂಡಿ ಅತಿಯಾಗಿ ಬಿಗಿದಿದ್ದ ಮೂರು ಬೆಳಗುಗಳಲ್ಲಿ ಬಗ್ಗಿ ಕೂತು ಅಷ್ಟೊಂದು ಸ್ಕ್ರೂಗಳನ್ನು ತಿರುಗಿಸುವ ತಾಳ್ಮೆಯಿಲ್ಲದೆ, ನಡುವೆ ದೊಡ್ಡದೊಂದನ್ನೇ ಸಿಕ್ಕಿಸಿಕೊಂಡು ಹೋಗಿದ್ದಳು. ಆ ಮೂರು ಸಾಲುಗಳನ್ನು ಅವಳು ಮತ್ತೆ ಓದಿಯೂ ಇರಲಿಲ್ಲ.

ಕಾರಣವಿಲ್ಲದೆ ಕಾರ್ಯವಿಲ್ಲ. ಆದರೆ ಒಂದೇ ಕಾರಣದಿಂದ ಎರಡು ವಿರುದ್ಧ ಕಾರ್ಯಗಳು ಹುಟ್ಟುವುದನ್ನು ಕಣ್ಣಾರೆ ಕಂಡವನಿಗೆ ಮೊದಲು ಜಗತ್ತಿನ ಮೇಲೆ, ಆಮೇಲೆ ತನ್ನ ಮೇಲೆಯೇ ನಂಬಿಕೆ ಹೋಗುತ್ತದೆ. ಎಂಟನೆಯ ದಿನದ ಹೊತ್ತಿಗೆ ಟೀಚರು ಬೆಳಗ್ಗೆ ಬಾಳೆಹಣ್ಣು ತಿಂದ ದಿನಗಳನ್ನೂ ತಿನ್ನದ ದಿನಗಳನ್ನೂ ಬೇರೆ ಬೇರೆ ಬಣ್ಣದ ಪೆನ್ನಿನಿಂದ ಗುರುತು ಮಾಡತೊಡಗಿದ್ದಳು.

ಶಾಲೆಯಲ್ಲಿ ಅವಳ ಸಹೋದ್ಯೋಗಿಯೊಬ್ಬ ಇದ್ದ. ಕೇಳಿದ್ದಕ್ಕೂ ಕೇಳದ್ದಕ್ಕೂ ವ್ಯಾಖ್ಯಾನ ಮಾಡುತ್ತಿದ್ದುದರಿಂದ ಅವನಿಗೆ ಪಂಡಿತನೆಂಬ ಹೆಸರು ಬಿದ್ದಿತ್ತು. ನೋಟುಪುಸ್ತಕವನ್ನು ಇಸಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪುಟ ಮಗುಚಿದ.

"ಟೀಚರ್, ಇದರಲ್ಲಿ ಸ್ಪಷ್ಟವಾಗೇ ಇದೆಯಲ್ಲ. ನಾಲ್ಕು."

"ಎಲ್ಲಿದೆ?"

"ಇಲ್ಲಿ. 'ಬೆಣ್ಣೆಯಂತೆ' ಅಂತ ನೀವೇ ಬರೆದಿದೀರಿ."

"ಇನ್ನೂ ಮೇಲೊಂದು ಸಾಲಿದೆ, ಓದಿ. ಅದೂ ನಾಲ್ಕೇ. 'ದೇವರೇ ಕಾಪಾಡಿದ' ಅಂತ ಬರೆದಿದೀನಿ."

ಪಂಡಿತ ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ. "ಅದನ್ನ ಬಿಡಿ. ಅಪವಾದ ಅದು."

"ಹಾಗಾದ್ರೆ ಮೂರರ ಒಳ್ಳೇ ದಿನಾನೂ ಅಪವಾದಾನೇ?"

"ಅದು ಆಕಸ್ಮಿಕ."

"ಎರಡಕ್ಕೂ ಏನು ವ್ಯತ್ಯಾಸ?"

"ಟೀಚರ್, ನೀವು ತುಂಬಾ ಯೋಚನೆ ಮಾಡ್ತೀರಿ," ಎಂದು ಪಂಡಿತ ಪುಸ್ತಕವನ್ನು ಹಿಂದಿರುಗಿಸಿದ. "ನಾನಾಗಿದ್ರೆ ನಾಲ್ಕು."

ಪರೀಕ್ಷೆಯ ಹಿಂದಿನ ಸಂಜೆ ಟೀಚರು ಬೋರ್ಡನ್ನೂ ಪೆಟ್ಟಿಗೆಯನ್ನೂ ಪುಸ್ತಕವನ್ನೂ ಹೊತ್ತುಕೊಂಡು ಭಾವನ ಕಾರ್ಯಾಗಾರಕ್ಕೆ ಬಂದಳು. ಪರೀಕ್ಷೆಯ ಅರ್ಜಿಯಲ್ಲಿ ಸಲಕರಣೆಯ ವಿವರ ಎಂಬ ಕಾಲಮ್ಮಿತ್ತು. ಅದರಲ್ಲಿ ಫಿನ್ನುಗಳ ಸಂಖ್ಯೆಯನ್ನು ಬರೆದು ಬೆಳಗ್ಗೆ ಏಳಕ್ಕೆ ಕೊಡಬೇಕು, ಕೊಟ್ಟ ಮೇಲೆ ಬದಲಿಸುವಂತಿಲ್ಲ. ಆ ಒಂದು ಚೌಕ ಖಾಲಿಯಿತ್ತು. ಉಳಿದದ್ದೆಲ್ಲ ದುಂಡಗಿನ ಅಕ್ಷರಗಳಲ್ಲಿ ತುಂಬಿತ್ತು.

"ನೀವೇ ಒಂದು ಸಂಖ್ಯೆ ಹೇಳಿಬಿಡಿ ಭಾವ. ತಲೆ ಚಿಟ್ಟು ಹಿಡಿದುಹೋಗಿದೆ. ಪುಸ್ತಕ ನೋಡಿದ್ರೆ ಮೂರೂ ಸರಿ, ನಾಲ್ಕೂ ಸರಿ, ಮೂರೂ ತಪ್ಪು, ನಾಲ್ಕೂ ತಪ್ಪು."

"ಬೋರ್ಡು ಏನೂ ಹೇಳ್ಲಿಲ್ವಾ?" ಎಂದಳು ಅಕ್ಕ, ಸ್ಯಾಂಡ್‌ಪೇಪರನ್ನು ಕೆಳಗಿಟ್ಟು.

"ಹೇಳ್ತು. ದಿನಕ್ಕೊಂದು ಹೇಳ್ತು."

"ಹಂಗಿದ್ರೆ ಅದು ಗಂಡು ಬೋರ್ಡು ಕಣೇ."

ಭಾವ ಒಂದು ಬಟ್ಟಲಿನಲ್ಲಿ ರಾಳ ಕಲಸುತ್ತಿದ್ದರು. ಅದು ಗಟ್ಟಿಯಾಗುವುದರೊಳಗೆ ಬಳಿದು ಮುಗಿಸಬೇಕಾದ್ದರಿಂದ ತಲೆಯೆತ್ತದೆ, "ಮೂರು ಕೂಡಿಸಿ ಇಡಿ, ಐದು ನಿಮಿಷದಲ್ಲಿ ಬಂದು ನೋಡ್ತೀನಿ," ಎಂದರು.

ಬೋರ್ಡನ್ನು ಮಗುಚಿ, ಅದನ್ನು ಹೊರಲೆಂದೇ ಮಾಡಿದ ನಾಲ್ಕು ಕಾಲಿನ ಮರದ ಕುದುರೆಗಳ ಮೇಲೆ ಮಲಗಿಸಿದರು. ಒಂದು ಬದಿಗೆ ಅಕ್ಕ, ಎದುರು ಬದಿಗೆ ತಂಗಿ. ಹತ್ತು ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಫಿನ್ನು ಹಿಡಿದದ್ದು ಅದೇ ಮೊದಲು. ಟೀಚರು ಪೆಟ್ಟಿಗೆಯಿಂದ ಒಂದು ಚುಕ್ಕೆಯದನ್ನು ಎತ್ತಿಕೊಂಡಳು, ಅಕ್ಕ ಎರಡು ಚುಕ್ಕೆಯದನ್ನು. ಎರಡು ಕೈಗಳೂ ಒಂದೇ ಸೀಳಿನ ಮೇಲೆ ಬಂದವು. ಫಿನ್ನಿಗೆ ಫಿನ್ನು ತಾಗಿ ಟಕ್ಕೆಂದಿತು.

"ನಿನ್ನದು ಆ ಕಡೆಗೆ," ಎಂದಳು ಅಕ್ಕ.

"ಇಲ್ಲ ಅಕ್ಕ, ನಿನ್ನದೇ ಆ ಕಡೆಗೆ. ಚಿತ್ರ ನೋಡು."

"ನೋಡೇ ಹೇಳ್ತಿದೀನಿ. ಚಿತ್ರದಲ್ಲಿ ಎರಡು ಚುಕ್ಕೆ ಈ ಪಕ್ಕ ಇದೆ. ಬೋರ್ಡಲ್ಲೂ ಈ ಪಕ್ಕ. ಕಣ್ಣು ಕಾಣಲ್ವಾ?"

"ಕಾಣತ್ತೆ ಮಹರಾಯ್ತಿ. ಆದ್ರೆ ಚಿತ್ರ ಮೇಲಿಂದ ನೋಡಿ ಬರೆದಿರೋದು. ಇಲ್ಲಿ ಬೋರ್ಡು ಮಗುಚಿದೆ. ಅದಕ್ಕೇ ಅದಲುಬದಲು ಮಾಡ್ಕೋಬೇಕು. ನಾನು ದಿನಾ ಹಾಗೇ ಮಾಡ್ತಿರೋದು."

ಅಕ್ಕ ಕೈಯಲ್ಲಿದ್ದ ಫಿನ್ನನ್ನು ಹಾಗೆಯೇ ಹಿಡಿದು ತಂಗಿಯ ಮುಖವನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದಳು.

"ಮೇಲಿಂದಾನಾ? ಮೇಲಿಂದ ನೋಡಿದ್ರೆ ಫಿನ್ನು ಎಲ್ಲಿ ಕಾಣತ್ತೆ?"

ಟೀಚರು ಮುಚ್ಚಳವನ್ನು ಎತ್ತಿ ಚಿತ್ರವನ್ನು ಕಣ್ಣ ಹತ್ತಿರಕ್ಕೆ ಹಿಡಿದಳು. ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಅವಳು ಬರೆದ ಚಿತ್ರಗಳೆಲ್ಲ ಮೇಲಿನಿಂದ ಕಂಡವು: ಪಾದವಿಡುವ ಮೇಲ್ಮೈಯವು. ಬೋರ್ಡಿನ ಚಿತ್ರವೊಂದು ಬೇರೆ ಬಗೆಯಾಗಿಯೂ ಇರಬಹುದೆಂಬುದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ.

"ರೀ, ಇಲ್ಲಿ ಬನ್ನಿ. ರಾಳ ಒಣಗಿದ್ರೆ ಒಣಗ್ಲಿ."

ಭಾವ ಬಂದರು. ಇಬ್ಬರೂ ಒಟ್ಟಿಗೆ ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡ ಮೇಲೆ ಅವರ ಹುಬ್ಬು ಗಂಟಾಯಿತು.

"ನಾನು ಬೋರ್ಡನ್ನ ಮೇಲಿಂದ ನೋಡೋದೇ ಇಲ್ವಲ್ಲಮ್ಮ," ಎಂದರು ನಿಧಾನವಾಗಿ. "ನನಗೆ ಬೋರ್ಡು ಅಂದ್ರೆ ಹೊಟ್ಟೆ. ಹಿಂಗೇ, ಈ ಕುದುರೆ ಮೇಲೆ."

"ನಾನು ಹೊಟ್ಟೆ ನೋಡೋದೇ ಇಲ್ಲ ಭಾವ."

ಭಾವ ಒಂದು ಫಿನ್ನನ್ನು ತೆಗೆದುಕೊಂಡು ಅವಳ ಹೆಬ್ಬೆರಳನ್ನು ಹಿಡಿದು ಅದರ ಒಂದು ಮುಖದ ಮೇಲೆ ಆಡಿಸಿದರು, ಆಮೇಲೆ ಇನ್ನೊಂದರ ಮೇಲೆ. ಕಣ್ಣಿಗೆ ಎರಡೂ ಒಂದೇ. ಬೆರಳಿಗೆ ಮಾತ್ರ ಒಂದು ಮುಖ ಚಪ್ಪಟೆಯಾಗಿಯೂ ಇನ್ನೊಂದು ಎಷ್ಟೋ ಸೂಕ್ಷ್ಮವಾಗಿ ಉಬ್ಬಿದಂತೆಯೂ ತೋರಿತು. "ಚಪ್ಪಟೆ ಮುಖ ಒಳಗಡೆಗಿರಬೇಕು. ಎರಡೂ ಪಕ್ಕದವು ಒಂದನ್ನೊಂದು ಚಪ್ಪಟೆ ಮುಖದಿಂದ ನೋಡ್ತಿರಬೇಕು. ನೀನು ಕೂಡಿಸಿದಾಗ ಒಂದಕ್ಕೊಂದು ಬೆನ್ನು ಮಾಡ್ಕೊಂಡಿದ್ವು. ನೀರು ಎರಡು ಕಡೆಗೂ ಎಳೆದಾಡಿರತ್ತೆ."

ಬಟ್ಟಲಿನ ರಾಳ ಬಿಸಿಯೇರಿ, ಬಿರುಕು ಬಿಡುವ ಸಣ್ಣ ಸದ್ದು ಮಾಡಿತು. ಜಾಗರೂಕಳಾದವಳು ತಪ್ಪಿದ್ದಳು, ಯೋಚಿಸದೆ ಕೈಗೆ ಬಂದಂತೆ ಕೂಡಿಸಿದವಳದು ಸರಿಯಾಗಿತ್ತು.

"ಹಂಗಿದ್ರೆ ಚೆನ್ನಾಗಿ ಹೋದ ದಿನ ಎಲ್ಲಾ ನಾನು ಕೂಡಿಸಿದ ದಿನ!" ಎಂದಳು ಅಕ್ಕ, ಅತ್ಯಂತ ಸಂತೋಷದಿಂದ.

ಟೀಚರು ನೋಟುಪುಸ್ತಕವನ್ನು ಬಿಡಿಸಿದಳು. ಗಾಳಿಯಿತ್ತು, ಉಬ್ಬರವಿತ್ತು, ಬಾಳೆಹಣ್ಣಿತ್ತು. ಫಿನ್ನನ್ನು ಕೂಡಿಸಿದವರು ಯಾರು ಎಂಬ ಅಂಕಣವಿರಲಿಲ್ಲ.

"ಅಕ್ಕ, ನೀನು ಯಾವ್ಯಾವ ದಿನ ಬಂದಿದ್ದೆ?"

"ನಾಲ್ಕು ದಿನ ಬಂದೆ. ಅಲ್ಲ, ಮೂರು. ಹಾಲು ಉಕ್ಕಿದ ದಿನ ಒಂದು. ಆಮೇಲೆ ಆ ನಾಯಿ ನನ್ನ ಚಪ್ಪಲಿ ಎತ್ಕೊಂಡು ಹೋಯ್ತಲ್ಲ, ಆವತ್ತು."

"ನಾಯಿ ಬಂದದ್ದು ನಾನು ಎರಡು ಹಾಕಿದ ದಿನ. ಆವತ್ತು ಕೆಟ್ಟದಾಗಿತ್ತಲ್ಲ!"

"ಹಂಗಿದ್ರೆ ಆವತ್ತು ನೀನೇ ಕೂಡಿಸಿರ್ತೀಯ."

"ನೀನು ಚಹಾ ಕೊಟ್ಟು, 'ಎಲ್ಲಿ ಕೊಡು' ಅಂದದ್ದು ನೆನಪಿದೆ."

"ಚಹಾ ಕೊಟ್ಟಿರಬೋದು. ಫಿನ್ನು ಮುಟ್ಟಿರಲಿಕ್ಕಿಲ್ಲ. ಇಲ್ಲ, ತಾಳು... ಮುಟ್ಟಿದ್ನಾ?"

ಅರ್ಧ ಗಂಟೆಯ ವಿಚಾರಣೆಯಿಂದ ಒಂದೇ ಬೆಳಗು ನಿಶ್ಚಿತವಾಯಿತು, ಅದೂ ನೂರಕ್ಕೆ ಎಂಬತ್ತರಷ್ಟು. ಭಾವ ಕುದುರೆಗೊರಗಿ ಕೂತಿದ್ದರು. "ನನ್ನ ಚಿತ್ರದಿಂದಾಗಿ ಹತ್ತು ದಿನ ಹಾಳಾಯ್ತಲ್ಲಮ್ಮ," ಎಂದರು, ನೆಲ ನೋಡುತ್ತ. ಆಮೇಲೆ ಹುರುಪು ತಂದುಕೊಂಡು, "ಹೋಗ್ಲಿ ಬಿಡು. ಈಗ ಗೊತ್ತಾಯ್ತಲ್ಲ. ಮೂರು ಸರಿಯಾಗಿ ಕೂಡಿಸಿಕೊಡ್ತೀನಿ. ನಾಳೆ ಹಾರ್ಕೊಂಡು ಹೋಗ್ತೀಯ," ಎಂದರು.

ಅದು ನ್ಯಾಯವಾದ ಮಾತೇ ಆಗಿತ್ತು. ಎರಡನೆಯ ಬೆಳಗಿನ ಆ ತಿರುವು ಅವಳ ಮೈಗೆ ಇನ್ನೂ ನೆನಪಿತ್ತು. ಆದರೆ ಆ ಒಂದು ನೆನಪನ್ನು ಬಿಟ್ಟರೆ ಸರಿಯಾಗಿ ಕೂಡಿಸಿದ ಮೂರು ಫಿನ್ನುಗಳು ಅವಳಿಗೆ ಅಪರಿಚಿತ. ತಪ್ಪಾಗಿ ಕೂಡಿಸಿದವುಗಳಿಗೆ ಹೊಂದಿಕೊಳ್ಳಲು ಅವಳ ಕಾಲು ಹತ್ತು ದಿನ ಏನೇನೋ ಕಲಿತುಬಿಟ್ಟಿತ್ತು. ಬಾಲ ಜಾರುವ ಮುನ್ನವೇ ಮಂಡಿಯನ್ನು ಒಳಗೆಳೆದುಕೊಳ್ಳುತ್ತಿತ್ತು. ಜಾರದ ಬಾಲದ ಮೇಲೆ ಆ ಮಂಡಿ ಏನು ಮಾಡೀತು?

ಅವಳು ಪುಸ್ತಕದ ಹಾಳೆಗಳನ್ನು ಹಿಂದುಮುಂದು ತಿರುವಿದಳು. ಆಗ ಕಣ್ಣಿಗೆ ಬಿದ್ದವು ಆ ಮೂರು ಸಾಲುಗಳು. ಒಂದೇ ಫಿನ್ನಿನವು. ಮಂಡಿಯ ನೋವು ಹತ್ತರಲ್ಲಿ ಏಳು, ಎಂಟು, ಏಳು. ಮೊದಲನೆಯ ಸಾಲು: 'ನಿಧಾನ. ಹೇಳಿದ ಮಾತು ಕೇಳುತ್ತದೆ. ತಿರುಗಬೇಕಾದ್ದಕ್ಕಿಂತ ಎರಡು ಉಸಿರು ಮುಂಚೆ ಶುರುಮಾಡಬೇಕು.' ಎರಡನೆಯ ಸಾಲಿನಲ್ಲಿಯೂ 'ಎರಡು ಉಸಿರು'. ಮೂರನೆಯದರಲ್ಲಿ 'ಮೇಲಿನಂತೆಯೇ' ಎಂದಷ್ಟೇ ಇತ್ತು. ಹತ್ತು ದಿನಗಳ ಗ್ರಂಥದಲ್ಲಿ ತನ್ನನ್ನು ತಾನು ಖಂಡಿಸಿಕೊಳ್ಳದ ಸಾಲುಗಳು ಅವು ಮಾತ್ರ.

"ನಡುವಿನದಕ್ಕೆ ಚಪ್ಪಟೆ ಮುಖ ಯಾವುದು ಭಾವ?"

"ಅದಕ್ಕೆಲ್ಲಿ? ಎರಡು ಕಡೆಗೂ ಒಂದೇ. ಅದನ್ನ ತಪ್ಪಾಗಿ ಕೂಡಿಸಕ್ಕೆ ಆಗಲ್ಲ."

ಟೀಚರು ಅರ್ಜಿಯ ಖಾಲಿ ಚೌಕದಲ್ಲಿ 'ಒಂದು' ಎಂದು ಬರೆದಳು. ಬರೆದ ಮೇಲೂ ಪೆನ್ನನ್ನು ಕಾಗದದಿಂದ ಎತ್ತದೆ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

"ಒಂದಾ?" ಎಂದಳು ಅಕ್ಕ. "ಹತ್ತು ದಿನ ಕುಣಿದು ಕೊನೆಗೆ ಒಂದಾ?"

"ಇದೊಂದೇ ಅಕ್ಕ ನಾನು ನಿಜವಾಗ್ಲೂ ಹತ್ತಿರೋದು. ಮಿಕ್ಕಿದ್ದು ಯಾವುದರ ಮೇಲೆ ಹತ್ತಿದ್ನೋ ನನಗೇ ಗೊತ್ತಿಲ್ಲ."

ಮರುದಿನ ಬೆಳಗ್ಗೆ ತೀರದಲ್ಲಿ ಪರೀಕ್ಷಕಿ ಮಡಚುವ ಕುರ್ಚಿಯೊಂದರ ಮೇಲೆ, ಅಗಲವಾದ ಟೋಪಿ ಹಾಕಿಕೊಂಡು, ಸೀಟಿಯನ್ನು ಕೊರಳಿಗೆ ತೂಗಿಕೊಂಡು ಕೂತಿದ್ದರು. ಅರ್ಜಿಯನ್ನು ಓದಿ, ಬೋರ್ಡನ್ನು ಮಗುಚಿಸಿ, ಐದು ಸೀಳುಗಳಲ್ಲಿ ನಾಲ್ಕು ಬರಿದಾಗಿರುವುದನ್ನು ನೋಡಿ, ಸಹಿ ಹಾಕಿದರು. ಪಕ್ಕದಲ್ಲಿ ನಿಂತಿದ್ದ ಪಂಡಿತ ಮಾತ್ರ ಅಯ್ಯೋ ಎಂಬಂತೆ ತುಟಿ ಕಚ್ಚಿದ.

ಎಡಗಡೆಯ ಅಲೆ ಸುಲಭವಾಗಿ ಒಲಿಯಿತು. ಬೋರ್ಡು ಆತುರವಿಲ್ಲದೆ ಬಂದು, ಬಾವುಟಗಳ ನಡುವೆ, ಒಂದಕ್ಕೆ ತೀರ ಸಮೀಪವಾಗಿ ನಿಂತಿತು. ಬಲಗಡೆಯ ಅಲೆಗೆ ಅವಳು ಬಹಳ ಹೊತ್ತು ಕಾದಳು. ಎರಡನ್ನು ಬಿಟ್ಟಳು. ಮೂರನೆಯದು ಎದ್ದಾಗ ಕೈಬೀಸಿ ಹಿಡಿದು, ಎಡಪಾದ ಮುಂದೆ, ಬಲಪಾದ ಹಿಂದೆ ಇಟ್ಟು ನಿಂತಳು. ಮಂಡಿ ನಡುಗಿತು. ಸವಾರಿಗೆ ದಾರಿಯಾಗುವಂತೆ ಅಲೆಯ ಗೋಡೆ ಇನ್ನೂ ಬಲಕ್ಕೆ ತೆರೆದಿರಲಿಲ್ಲ. ನೋಡುವವರಿಗೆ ಅದು ತಿರುಗುವ ಹೊತ್ತೇ ಅಲ್ಲ. ದಡದಿಂದ ಪಂಡಿತ, "ಈಗಲೇ ಬೇಡ! ಈಗಲೇ ಬೇಡ!" ಎಂದು ಕೂಗಿದ್ದು ಅವಳ ಕಿವಿಗೂ ಬಿತ್ತು. ಅವಳು ಮಾತ್ರ ಆಗಲೇ ಹಿಂದಿನ ಪಾದಕ್ಕೆ ಭಾರ ಹಾಕಿ, ಭುಜವನ್ನು ಬಲಕ್ಕೆ ಹೊರಳಿಸಿದ್ದಳು. ಒಂದು ಉಸಿರು. ಬೋರ್ಡು ನೇರವಾಗಿಯೇ ಹೋಗುತ್ತಿತ್ತು. ಹತ್ತು ದಿನಗಳ ಗೊಂದಲವೆಲ್ಲ ಆ ಒಂದು ಉಸಿರಿನೊಳಗೆ ಬಂದು ನಿಂತಿತು: ಮೂರು ಹಾಕಬೇಕಾಗಿತ್ತೇ? ನಾಲ್ಕೇ? ಪುಸ್ತಕದ ಆ ಸಾಲುಗಳೂ ಸುಳ್ಳೇ? ಎರಡನೆಯ ಉಸಿರು. ಬೋರ್ಡಿನ ಮೂಗು, ದೊಡ್ಡ ಮನೆಯ ಬಾಗಿಲು ತೆರೆದಂತೆ, ನಿಧಾನವಾಗಿ ಬಲಕ್ಕೆ ಹೊರಳಿತು.

ಬಾವುಟಗಳೆರಡೂ ನಿಂತೇ ಇದ್ದವು. ಅವುಗಳ ನಡುವೆ ಬೋರ್ಡಿನಿಂದಿಳಿದು ನಿಂತ ಟೀಚರಿಗೆ ಸೀಟಿಯ ಸದ್ದು ಕೇಳಿದ್ದು ಸ್ವಲ್ಪ ತಡವಾಗಿ.

ಪರೀಕ್ಷಕಿ ಹಾಳೆಯ ಮೇಲೆ 'ಉತ್ತೀರ್ಣ' ಎಂದು ಬರೆದು, ಮುದ್ರೆಯೊತ್ತಿ, ಕೈಗೆ ಕೊಟ್ಟರು. ಹಾಳೆಯ ಮೂಲೆಯನ್ನು ಒದ್ದೆ ಬೆರಳಿನಿಂದ ಹಿಡಿದುಕೊಂಡ ಟೀಚರು ಕೇಳದೆ ಇರಲಾರದೆ ಕೇಳಿದಳು.

"ಮೇಡಂ, ಒಂದೇ ಫಿನ್ನು ಹಾಕಿದ್ದು ಸರಿಯಾಯ್ತಾ?"

ಪರೀಕ್ಷಕಿ ಕಡಲನ್ನು ನೋಡಿದರು. "ಇವತ್ತಿನ ಅಲೆಗೆ ಎಷ್ಟು ಹಾಕಿದ್ರೂ ನಡೀತಿತ್ತು ಅನ್ಸುತ್ತೆ. ಅಥವಾ ನಡೀತಿರಲಿಲ್ವೋ ಏನೋ. ನಾನು ನೋಡಿದ್ದು ಬಾವುಟ ಮಾತ್ರ."

"ನಾಲ್ಕಿದ್ದಿದ್ರೆ ಇನ್ನೂ ಬೇಗ ಬರ್ತಿದ್ರಿ," ಎಂದ ಪಂಡಿತ.

"ಬೇಗ ಬಂದು ಎಲ್ಲಿಗೆ ಹೋಗ್ತಿದ್ದೆ?"

ಪಂಡಿತ ಕನ್ನಡಕವನ್ನು ಹಣೆಗೇರಿಸಿ ಬಾವುಟಗಳನ್ನು ಕೀಳಲು ಹೊರಟ.

ಸಂಜೆ ಬೋರ್ಡನ್ನೂ ಹೊತ್ತುಕೊಂಡು ಹಾಳೆಯನ್ನು ತೋರಿಸಲು ಕಾರ್ಯಾಗಾರಕ್ಕೆ ಹೋದಾಗ ಭಾವ ಅದನ್ನು ಕನ್ನಡಕದ ಹತ್ತಿರಕ್ಕೆ ತಂದು ಎರಡು ಸಲ ಓದಿದರು. ಆಮೇಲೆ ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಪೆನ್ಸಿಲನ್ನು ಅವಳ ಕೈಗಿಟ್ಟರು. ಅವರ ಚಿತ್ರದ ಕೆಳಗೆ ಅಂದೇ ಬರೆದ ಎರಡು ಮಾತುಗಳಿದ್ದವು: 'ಹೊಟ್ಟೆ ಮೇಲಾಗಿ.' ಪಕ್ಕದಲ್ಲಿ ಖಾಲಿ ಜಾಗವನ್ನು ಬಿಟ್ಟಿದ್ದರು. ಅವಳು ಅಲ್ಲಿ ಬೋರ್ಡನ್ನು ತಾನು ಕಂಡಂತೆ ಬರೆದು, ಸಂದೇಹಕ್ಕೆ ಎಡೆಯಿರದಂತೆ ಅದರ ಮೇಲೆ ಎರಡು ಪಾದಗಳನ್ನೂ ಬರೆದು, ಚುಕ್ಕೆಗಳನ್ನಿಡಲು ಹೊರಟು, ಕೈ ತಡೆದಳು.

"ಭಾವ, ಒಂದು ಚುಕ್ಕೆ ಈಗ ಯಾವ ಪಾದದ ಕಡೆಗೆ?"

ಭಾವ ಪೆನ್ಸಿಲ್ ಚಿತ್ರವನ್ನೂ ಮರದ ಕುದುರೆಗಳನ್ನೂ ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಅಂಗೈಗಳನ್ನು ಒಮ್ಮೆ ಮಗುಚಿದರು. "ತಾಳಮ್ಮ," ಎಂದರು. "ಬೋರ್ಡ್ ತಂದು ಮೇಲೆ ನಿಂತು ನೋಡ್ಬೇಕು."

"ನಿಂತ್ಕೊಳ್ರೀ, ನಿಂತ್ಕೊಳ್ರೀ. ಹದಿನಾರು ವರ್ಷ ಆಯ್ತು," ಎನ್ನುತ್ತ ಅಕ್ಕ ಬೋರ್ಡನ್ನು ಚಾಪೆಯ ಮೇಲೆ ಮಗುಚಿ ಹಾಕಿ, ಮುಚ್ಚಳದ ಎರಡು ಚಿತ್ರಗಳಲ್ಲಿ ಒಂದರ ಕಡೆಗೂ ತಿರುಗದೆ, ಪಕ್ಕದ ಫಿನ್ನುಗಳನ್ನು ಒಂದೊಂದಾಗಿ ಕೂಡಿಸಿ, ಸ್ಕ್ರೂ ಬಿಗಿದು, ಫಿನ್ನುಗಳು ನೆಲಕ್ಕೆ ತಾಗದಂತೆ ಎರಡು ದಪ್ಪ ಮೆತ್ತೆಗಳ ಮೇಲೆ, ಬಾಲ ಹೊರಚಾಚಿ, ಹೊಟ್ಟೆ ಕೆಳಗಾಗಿ ಮಲಗಿಸಿದಳು. ಭಾವ ಚಪ್ಪಲಿ ಬಿಟ್ಟರು. ಗೋಡೆಗೆ ಕೈಯಾನಿಸಿಕೊಂಡು ಹತ್ತಿ, ಎಡಪಾದ ಮುಂದೆ ಇಡುವುದೋ ಬಲಪಾದವೋ ಎಂದು ನಾದಿನಿಯ ಮುಖ ನೋಡಿದರು.

"ನಿಮಗೆ ಯಾವುದು ಅಭ್ಯಾಸ ಭಾವ?"

"ನೆನಪಿಲ್ಲ ಕಣಮ್ಮ," ಎಂದರು ಅವರು.

ಟೀಚರು ಹೊಸ ವಿದ್ಯಾರ್ಥಿಗಳಿಗೆ ಮಾಡುವಂತೆಯೇ ಅವರ ಬೆನ್ನ ಹಿಂದೆ ಹೋಗಿ ನಿಂತು, ಯಾವ ಪಾದ ಮೊದಲು ಮುಂದಕ್ಕೆ ಬರುವುದೋ ನೋಡಲೆಂದು, ಮೆಲ್ಲಗೆ ಒಂದು ಸಲ ತಳ್ಳಿದಳು.